ಏಳನೆಯ ನಂಬರಿನ ಒಂದು ರೂಪಾಯಿ

ಹಳೆಯ ನೋಟು ಸಂಗ್ರಹಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನೂ ಸಂಗ್ರಹಿಸುತ್ತೇನೆ, ಅದು ಬೇರೆ ಮಾತು. ಭಾನುವಾರ ಯಾವುದೋ ಸಭಾಭವನದಲ್ಲಿ ಮೇಜು ಹಾಕಿಕೊಂಡು, ಪ್ಲಾಸ್ಟಿಕ್ ಹಾಳೆಯೊಳಗೆ ನೋಟು ತುರುಕಿ, ಮುಟ್ಟಬೇಡಿ ಮುಟ್ಟಬೇಡಿ ಎಂದು ಕೂಗಾಡುವ ಈ ಜನರಲ್ಲಿ ಮುಕ್ಕಾಲು ಪಾಲು ಮಂದಿಗೆ ಒಂದು ರೂಪಾಯಿ ಇಲ್ಲದ ದಿನ ಹೇಗಿರುತ್ತದೆಂದು ಗೊತ್ತಿಲ್ಲ. ಅವರಿಗೆ ಬೇಕಾದದ್ದು ಯಾರೂ ಮುಟ್ಟದ ನೋಟು. ಮಡಿಕೆ ಬಿದ್ದರೆ ಬೆಲೆ ಅರ್ಧ, ಬೆವರು ತಾಗಿದರೆ ಕಾಲು. ಯಾರ ಕೈಗೂ ಹೋಗದ, ಯಾರ ಮನೆಗೂ ಅಕ್ಕಿ ತರದ ನೋಟಿಗೆ ಸಾವಿರಗಟ್ಟಲೆ ಸುರಿಯುತ್ತಾರೆ. ಕೆಲಸ ಮಾಡಿದ ನೋಟನ್ನು ಕಸ ಅನ್ನುತ್ತಾರೆ.

ನಾನು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಸಾಗರದಿಂದ ಹೊಸನಗರ, ಹೊಸನಗರದಿಂದ ತೀರ್ಥಹಳ್ಳಿ, ಮತ್ತೆ ವಾಪಸ್. ಮೂರೂ ಪೇಟೆಯ ಕೊಳೆ ನನ್ನ ಬೆರಳ ಸಂದಿಯಲ್ಲಿತ್ತು. ನೋಟನ್ನು ಉದ್ದಕ್ಕೆ ಮಡಿಚಿ, ಒಂದೊಂದು ಬೆರಳ ನಡುವೆ ಒಂದೊಂದು ಜಾತಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಟಿಕೆಟ್ ಹರಿಯುತ್ತಿದ್ದೆ. ಎರಡು ರೂಪಾಯಿಯ ಬೆನ್ನ ಮೇಲೆ ಮೊದಲು ಹುಲಿ ಇತ್ತು, ಆಮೇಲೆ ಉಪಗ್ರಹ ಬಂತು. ಐದರ ಮೇಲೆ ಟ್ರ್ಯಾಕ್ಟರ್. ಮಳೆಗಾಲದಲ್ಲಿ ಎಲ್ಲವೂ ಒದ್ದೆ, ಬೇಸಿಗೆಯಲ್ಲಿ ಎಲ್ಲವೂ ಬೆವರು. ಹರಿದ ನೋಟನ್ನು ಅನ್ನದಿಂದ ಅಂಟಿಸಿ, ಹರಿದ ಭಾಗ ಒಳಗೆ ಬರುವಂತೆ ಮಡಿಚಿ ಕೊಡುವ ಗೌರವಸ್ಥರನ್ನು ನಾನು ಎಷ್ಟು ನೋಡಿದ್ದೇನೆ. ಅಂಥವರ ಮುಖ ಇವತ್ತಿಗೂ ನೆನಪಿದೆ. ಮದುವೆ ಮನೆಯಲ್ಲಿ ಎದುರು ಸಿಕ್ಕಿದರೆ ನಾನು ಮಾತಾಡಿಸುವುದಿಲ್ಲ.

ನನ್ನ ಚೀಲದಿಂದ ಮೊದಲು ಮಾಯವಾದದ್ದು ಒಂದು ರೂಪಾಯಿಯ ನೋಟು. ಅದರ ಹಿಂದೆ ಎರಡು, ಆಮೇಲೆ ಐದು. ಎಲ್ಲ ನಾಣ್ಯವಾಗಿ ಚೀಲ ಭಾರವಾಯಿತು, ಹೆಗಲು ಇಳಿಯಿತು. ಒಂದರ ನೋಟನ್ನು ಎಷ್ಟೋ ವರ್ಷ ನಿಲ್ಲಿಸಿ, ಮತ್ತೆ ಅಚ್ಚು ಹಾಕಿದರು. ಹೊಸದು ಬಂದಾಗ ಅದು ಬಸ್ಸಿಗೆ ಹತ್ತಲೇ ಇಲ್ಲ. ನೇರ ಸಂಗ್ರಹಕಾರರ ಡಬ್ಬಿಗೆ, ಇಲ್ಲವೇ ಮದುಮಗನ ಕೊರಳ ಹಾರಕ್ಕೆ ಹೋಯಿತು. ಈಗಂತೂ ಪ್ರಯಾಣಿಕರು ಮೊಬೈಲು ತೋರಿಸಿ ಇಳಿದು ಹೋಗುತ್ತಾರೆ. ಚಿಲ್ಲರೆಗಾಗಿ ಜಗಳವಾಡುವ ಸುಖವೂ ಕಂಡಕ್ಟರಿಗೆ ಉಳಿದಿಲ್ಲ.

ನಾನು ಕೂಡಿಹಾಕಿದ್ದು ಇಂಥ ಕೊಳೆ ನೋಟುಗಳನ್ನೇ. ಎಣ್ಣೆ ಜಿಡ್ಡಿನದು, ಅಂಚು ಸವೆದದ್ದು, ಮೇಲೆ ಯಾರೋ ಹುಡುಗಿಯ ಹೆಸರು ಬರೆದದ್ದು. ಅದಕ್ಕೆ ಪೇಟೆಯಲ್ಲಿ ಬೆಲೆ ಇಲ್ಲ. ಇಲ್ಲದಿದ್ದರೆ ಬೇಡ. ಆದರೆ ನಮ್ಮ ಮನೆಯಲ್ಲಿ ಒಂದು ನೋಟು ಇತ್ತು, ಒಂದೇ ಒಂದು, ಅಚ್ಚುಮನೆಯಿಂದ ಬಂದ ಹೊಸತನ ಮಾಸದೆ. ನೇರಳೆ ಬಣ್ಣದ ಒಂದು ರೂಪಾಯಿ, ಮೇಲೆ ರೂಪಾಯಿ ನಾಣ್ಯದ ಚಿತ್ರ, ಅದರ ನಂಬರಿನ ಕೊನೆಗೆ ಸೊನ್ನೆ ಏಳು. ಅದನ್ನು ಅಮ್ಮ ಖಾಲಿ ನಶ್ಯದ ಡಬ್ಬಿಯಲ್ಲಿ ಸುರುಳಿ ಸುತ್ತಿ ಇಟ್ಟಿದ್ದಳು. ನನ್ನ ಆಲ್ಬಮ್ಮಿಗೆ ಕೊಡು ಎಂದು ಕೇಳಿದಾಗಲೆಲ್ಲ ಬೈಸಿಕೊಂಡಿದ್ದೇನೆ.

ಆ ನೋಟು ಮನೆಗೆ ಬಂದ ಬಗೆ ಹೇಳಬೇಕು. ನಮ್ಮ ಊರು ಹೊಸನಗರದ ಕಡೆಯದು. ಹತ್ತು ಮನೆ, ಹತ್ತೂ ಗೇಣಿ ಒಕ್ಕಲು. ಗದ್ದೆ ಒಬ್ಬರೇ ಒಡೆಯರದು, ಬೆವರು ನಮ್ಮದು. ಉಳುವವನೇ ಒಡೆಯ ಎಂಬ ಕಾನೂನು ಬಂದು, ನಮ್ಮವರು ಅರ್ಜಿ ಹಾಕಿ, ಕಚೇರಿಗೆ ಅಲೆದು ಅಲೆದು ಗದ್ದೆ ನಮ್ಮ ಹೆಸರಿಗಾಯಿತು. ಆದೇಶ ಬಂದ ವಾರದಲ್ಲೇ ಒಡೆಯರು ಹತ್ತೂ ಮನೆಯ ಯಜಮಾನರನ್ನು ತಮ್ಮ ಅಂಗಳಕ್ಕೆ ಕರೆಸಿದರು. ಜಗಲಿಯ ಮೇಲೆ ಮಣೆ ಹಾಕಿಕೊಂಡು ಕೂತಿದ್ದರಂತೆ. ಪಕ್ಕದಲ್ಲಿ ತಂಬಿಗೆ ನೀರು, ತುಳಸಿ, ವೀಳ್ಯದೆಲೆ, ಮತ್ತು ಬ್ಯಾಂಕಿನಿಂದ ತರಿಸಿದ ಒಂದು ರೂಪಾಯಿಯ ಹೊಸ ಕಟ್ಟು. ಒಬ್ಬೊಬ್ಬರನ್ನೇ ಮುಂದೆ ಕರೆದು, ಎಲೆಯ ಮೇಲೆ ಒಂದು ನೋಟು ಇಟ್ಟು, ತುಳಸಿ ಇಟ್ಟು, ನೀರು ಬಿಟ್ಟು ಕೊಟ್ಟರು.

"ಸರ್ಕಾರ ಕಿತ್ತುಕೊಂಡದ್ದಲ್ಲ, ನಾನೇ ದಾನ ಕೊಟ್ಟದ್ದು. ದಕ್ಷಿಣೆ ಇಲ್ಲದೆ ದಾನ ಕೊಡಬಾರ್ದು, ತಗಳ್ಳಿ" ಅಂದರಂತೆ.

ದಾನ ಕೊಡುವಾಗ ದಕ್ಷಿಣೆ ಸೇರಿಸಿ ಕೊಡಬೇಕು, ಇಲ್ಲದಿದ್ದರೆ ದಾನ ಪೂರ್ತಿಯಾಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆ ಪದ್ಧತಿಯನ್ನು ಆ ಮುದುಕ ಚಪ್ಪಲಿಯ ಹಾಗೆ ಬಳಸಿದ. ನೋಟು ತೆಗೆದುಕೊಂಡವನು ಹಕ್ಕಿನಿಂದ ಗದ್ದೆ ಪಡೆದವನಲ್ಲ, ಭಿಕ್ಷೆ ಎತ್ತಿದವನು. ಇದೆಲ್ಲ ಅರ್ಥವಾಗುವ ಮೊದಲೇ ನಮ್ಮಪ್ಪನ ಎರಡೂ ಕೈ ಮುಂದೆ ಹೋಗಿದ್ದವು. ಒಡೆಯರು ಏನು ಚಾಚಿದರೂ ಕೈಯೊಡ್ಡಿ ಬೆಳೆದ ಜೀವ. ಕೈಗೆ ಯೋಚನೆ ಮಾಡಲು ಪುರಸೊತ್ತು ಸಿಗಲಿಲ್ಲ.

ಅಪ್ಪ ಆ ನೋಟನ್ನು ನೇರ ಮನೆಗೆ ತಂದು ಅಮ್ಮನ ಕೈಗೆ ಕೊಟ್ಟ. ಅದೇ ಅವನು ಮಾಡಿದ ತಪ್ಪು. ಮರುದಿನ ಬಾವಿಕಟ್ಟೆಯಲ್ಲಿ ಅಮ್ಮ ವಿಷಯ ಎತ್ತಿದಾಗ ಉಳಿದ ಹೆಂಗಸರು ಮುಖ ಮುಖ ನೋಡಿಕೊಂಡರು. ನಮ್ಮನೆಯವ್ರು ಮುಟ್ಲೇ ಇಲ್ಲ ಅಂತೆ, ಅಂದಳು ಮೊದಲನೆಯ ಮನೆಯವಳು. ನಮ್ಮೋರು ಮುಖಕ್ಕೆ ಹೇಳಿ ಬಂದ್ರಂತೆ, ಅಂದಳು ಇನ್ನೊಬ್ಬಳು. ಒಂಬತ್ತು ಮನೆಯವರೂ ತೆಗೆದುಕೊಂಡಿಲ್ಲ. ಕೈಯೊಡ್ಡಿದವ ಊರಿಗೆಲ್ಲ ಒಬ್ಬನೇ, ಅದು ನಮ್ಮಪ್ಪ. ಅಮ್ಮ ಕೊಡ ಅಲ್ಲೇ ಇಟ್ಟು ಮನೆಗೆ ಬಂದಳು ಎಂದು ನನಗೆ ಹೇಳಿದವಳು ಆ ಮೊದಲನೆಯ ಮನೆಯವಳೇ, ಎಷ್ಟೋ ವರ್ಷದ ಮೇಲೆ, ನಗುತ್ತ. ಆ ಮುದುಕಿಗೂ ನಾನು ಬಸ್ಸಿನಲ್ಲಿ ಸೀಟು ಬಿಡಿಸಿಕೊಡುತ್ತಿರಲಿಲ್ಲ.

ಅಮ್ಮ ಅಟ್ಟಿ ಕಳಿಸಿದ ಮೇಲೆ ಅಪ್ಪ ನೋಟು ಹಿಂದಿರುಗಿಸಲು ಹೋದ. ಕೊಟ್ಟ ದಕ್ಷಿಣೆ ವಾಪಸ್ ತಗಂಡ್ರೆ ನನಗೆ ಪಾಪ ಬರ್ತದೆ ಮಾರಾಯ, ಎಂದು ಒಡೆಯರು ನಕ್ಕು ಕಳಿಸಿದರು. ಖರ್ಚು ಮಾಡಿದರೆ ದಾನ ಒಪ್ಪಿಕೊಂಡ ಹಾಗೆ, ಖರ್ಚು ಮಾಡಬೇಡಿ ಎಂದು ಅಮ್ಮ ಕಟ್ಟಪ್ಪಣೆ ಮಾಡಿದಳು. ಅಲ್ಲಿಂದ ಆ ನೋಟು ನಮ್ಮ ಮನೆಯ ಇನ್ನೊಬ್ಬ ಸದಸ್ಯನಾಯಿತು. ಗಂಡ ಹೆಂಡತಿ ಜಗಳ ಯಾವುದರ ಮೇಲೇ ಶುರುವಾಗಲಿ, ಉಪ್ಪು ಹೆಚ್ಚಾದದ್ದಿರಲಿ, ಎತ್ತು ಮಾರಿದ್ದಿರಲಿ, ಕೊನೆಗೆ ನಶ್ಯದ ಡಬ್ಬಿ ಹೊರಗೆ ಬರುತ್ತಿತ್ತು. ಅಮ್ಮ ಮುಚ್ಚಳ ತೆಗೆದು ಅಪ್ಪನ ಎದುರು ಇಡುತ್ತಿದ್ದಳು. ಮಾತೇ ಬೇಕಾಗಿರಲಿಲ್ಲ.

"ಎಲ್ರೂ ತಗಂಡಿದ್ರು ಕಣೆ. ನಾನು ನೋಡಿದೀನಿ" ಎನ್ನುತ್ತಿದ್ದ ಅಪ್ಪ.

"ಹೌದಾ? ಹಂಗಾದ್ರೆ ಒಬ್ರ ಮನೇಲಾದ್ರೂ ಇರ್ಬೇಕಿತ್ತಲ್ಲ."

ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದ. ಊರಿನ ಪಂಚಾಯ್ತಿಕೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಗದ್ದೆಯ ಬದುವನ್ನು ಪಕ್ಕದವನು ಒತ್ತಿದಾಗಲೂ ಹೋಗಿ ಕೇಳಲಿಲ್ಲ. ದಕ್ಷಿಣೆ ತಗಂಡೋರಿಗೆ ಮಾತೆಂತಕ್ಕೆ, ಎಂದು ಮನೆಯಲ್ಲೇ ಕೇಳಿಸಿಕೊಂಡವನು ಹೊರಗೆ ಏನು ಮಾತಾಡುತ್ತಾನೆ. ನನಗೂ ಹುಡುಗನಾಗಿದ್ದಾಗ ಅಪ್ಪನ ಮೇಲೆ ಅಸಹ್ಯವಿತ್ತು. ಗದ್ದೆ ನಮ್ಮದಾದ ಮೇಲೂ ಅವನು ಒಕ್ಕಲಿನ ಹಾಗೆ ಬಗ್ಗಿಯೇ ನಡೆದ, ಹಾಗೇ ಸತ್ತ. ಈಗ ಗದ್ದೆಯನ್ನು ತಮ್ಮ ನೋಡಿಕೊಳ್ಳುತ್ತಾನೆ. ಅಮ್ಮ ಸಾಗರದಲ್ಲಿ ನನ್ನ ಜೊತೆಗಿದ್ದಾಳೆ. ಬರುವಾಗ ಬಟ್ಟೆಗಂಟಿನ ಜೊತೆ ಡಬ್ಬಿಯನ್ನೂ ತಂದಳು.

ಈಚೆಗೆ ತೀರ್ಥಹಳ್ಳಿಯಲ್ಲಿ ನೋಟು ನಾಣ್ಯದ ಪ್ರದರ್ಶನವೊಂದು ನಡೆಯಿತು. ಹೋಗಬಾರದು ಅಂದುಕೊಂಡೇ ಹೋದೆ. ಮೂಲೆಯ ಮೇಜಿಗೆ ಜನ ಮುತ್ತಿಕೊಂಡಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಒಂದು ರೂಪಾಯಿಯ ಹಳೆಯ ಕಟ್ಟು, ಬ್ಯಾಂಕಿನವರು ಹೊಡೆದ ದಪ್ಪ ಪಿನ್ನು ಹಾಗೇ ತುಕ್ಕು ಹಿಡಿದು ನಿಂತಿದೆ. ಎದುರಿಗೆ ಅಂದವಾಗಿ ಅಚ್ಚು ಮಾಡಿಸಿದ ಒಂದು ಚೀಟಿ: "ನಮ್ಮ ಪೂಜ್ಯ ಅಜ್ಜನವರು ತಮ್ಮ ಒಕ್ಕಲುಗಳಿಗೆ ಭೂದಾನ ಮಾಡಿದಾಗ ದಕ್ಷಿಣೆಯಾಗಿ ನೀಡಿದ ನೋಟುಗಳ ಕಟ್ಟು. ಮೊದಲ ಹತ್ತು ನೋಟುಗಳು ಫಲಾನುಭವಿಗಳ ಕೈ ಸೇರಿವೆ."

ಫಲಾನುಭವಿಗಳು. ನನ್ನ ಮೈಯೆಲ್ಲ ಉರಿಯಿತು. ಅಪ್ಪ, ಅಮ್ಮ, ನಾನು, ನನ್ನ ತಮ್ಮ, ಎಲ್ಲ ಸೇರಿ ಆ ಚೀಟಿಯಲ್ಲಿ ಒಂದು ಶಬ್ದವಾಗಿ ಹೋಗಿದ್ದೆವು. ಮೇಜಿನ ಹಿಂದೆ ಕೂತಿದ್ದವನು ಒಡೆಯರ ಮೊಮ್ಮಗ. ನನ್ನದೇ ವಯಸ್ಸು, ಬಿಳಿ ಗಡ್ಡ, ಕೈಗೆ ತೆಳು ಬಟ್ಟೆಯ ಗವಸು. ಯಾವುದೋ ದೊಡ್ಡ ನೌಕರಿಯಿಂದ ನಿವೃತ್ತನಾಗಿ ಊರಿಗೆ ಬಂದು ಅಜ್ಜನ ಪೆಟ್ಟಿಗೆ ತಡಕಾಡಿದಾಗ ಈ ಕಟ್ಟು ಸಿಕ್ಕಿತಂತೆ. ದಾನಕ್ಕೆಂದು ತೆಗೆದಿಟ್ಟದ್ದನ್ನು ಮನೆಖರ್ಚಿಗೆ ಬಳಸಬಾರದೆಂದು ಅಜ್ಜಿ ಹಾಗೇ ಇಟ್ಟಿದ್ದಳಂತೆ. ಇದನ್ನೆಲ್ಲ ಅವನು ಶಾಲೆಯ ಮಕ್ಕಳಿಗೆ ವಿವರಿಸುತ್ತಿದ್ದ. ಒಂದು ರೂಪಾಯಿ ನೋಟಿನ ಮೇಲೆ ಮಾತ್ರ ಬ್ಯಾಂಕಿನ ಗವರ್ನರ್ ರುಜು ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ರುಜು ಇರುತ್ತದೆ, ಇಷ್ಟು ಹಣ ಕೊಡುತ್ತೇನೆಂಬ ವಾಗ್ದಾನವೂ ಇರುವುದಿಲ್ಲ, ಕಾನೂನಿನ ಲೆಕ್ಕದಲ್ಲಿ ಅದು ನಾಣ್ಯವೇ, ಎಂದು. ಹೇಳಿದ್ದೆಲ್ಲ ಸರಿಯಾಗಿತ್ತು. ಅದೂ ಒಂದು ಸಿಟ್ಟು.

ಕಟ್ಟಿನ ಮೇಲಿನ ನೋಟಿನ ಕೊನೆಯ ಎರಡಂಕಿ ಹನ್ನೊಂದು. ಅದಕ್ಕೆ ಮೊದಲಿನ ಅಕ್ಷರ, ಅಂಕಿಗಳೆಲ್ಲ ನಮ್ಮ ಡಬ್ಬಿಯ ನೋಟಿನವೇ. ಸುಮ್ಮನೆ ವಾಪಸ್ ಬರಬೇಕಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಏಳನೇದು ನಮ್ಮನೇಲಿದೆ" ಅಂದೆ.

ಅವನು ಮಕ್ಕಳನ್ನು ಬಿಟ್ಟು ಎದ್ದು ಬಂದ. "ಏನಂದ್ರಿ? ಖರ್ಚಾಗದೆ ಇದೆಯಾ? ಹೇಗಿದೆ ಕಂಡೀಷನ್ನು? ಮಡಿಕೆ ಇದೆಯಾ?"

"ಮಡಿಕೆ ಇಲ್ಲ. ಮತ್ತೆ ಆ ಚೀಟೀಲಿ ಬರ್ದಿದ್ದು ಸುಳ್ಳು. ಭೂದಾನ ಯಾರೂ ಮಾಡ್ಲಿಲ್ಲ. ಕಾನೂನು ಬಂತು, ಗದ್ದೆ ಬಂತು."

"ಅದು ನಿಮ್ಮ ದೃಷ್ಟಿ. ಅಜ್ಜ ಮನಸ್ಸು ಮಾಡಿದ್ರೆ ಕೋರ್ಟಿಗೆ ಹೋಗಿ ಇಪ್ಪತ್ತು ವರ್ಷ ಎಳೀಬಹುದಿತ್ತು. ಎಳೀಲಿಲ್ಲ. ನಾನು ಅದನ್ನ ದಾನ ಅಂತೀನಿ." ಇಷ್ಟು ಹೇಳಿ, ಅದೇ ಉಸಿರಿನಲ್ಲಿ, "ನಿಮ್ಮನೆ ಎಲ್ಲಿ?" ಎಂದು ಕೇಳಿದ.

ಮುಂದಿನ ಭಾನುವಾರ ಕಾರು ನಮ್ಮ ಮನೆಯ ಎದುರು ನಿಂತಿತು. ಬಾಗಿಲಲ್ಲೇ ಬೈದು ಕಳಿಸಬೇಕೆಂದು ನಾನು ಬೆಳಿಗ್ಗೆಯಿಂದ ಮಾತು ಜೋಡಿಸಿಟ್ಟಿದ್ದೆ. ಆದರೆ ಅಮ್ಮ ಒಳಗಿನಿಂದ ಬಂದು, "ಒಡೇರ ಮೊಮ್ಮಗ ಅಲ್ದಾ? ಒಳಗೆ ಬನ್ನಿ, ಕೂತ್ಕಳಿ" ಅಂದಳು. ಧ್ವನಿಯಲ್ಲಿ ಮರ್ಯಾದೆ ಇತ್ತು, ಪ್ರೀತಿ ಇರಲಿಲ್ಲ. ಕುಡಿಯಲು ಏನೂ ಕೊಡಲಿಲ್ಲ. ನಮ್ಮ ಕಡೆ ಬಂದವರಿಗೆ ಒಂದು ಲೋಟ ನೀರೂ ಕೊಡದೆ ಕೂರಿಸುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು. ಸಹಿಸಿಕೊಂಡ. ಸಂಗ್ರಹಕಾರ ಅಂದರೆ ಹಾಗೆ, ನೋಟು ಸಿಗುತ್ತದೆಂದರೆ ಏನನ್ನು ಬೇಕಾದರೂ ಸಹಿಸಿಕೊಳ್ಳುತ್ತಾನೆ.

ಅವನು ಚೀಲದಿಂದ ಕಟ್ಟನ್ನು ತೆಗೆದು ಮೇಜಿನ ಮೇಲೆ ಇಟ್ಟ. ಅಮ್ಮ ಡಬ್ಬಿ ತಂದು ಮುಚ್ಚಳ ತೆಗೆದಳು. ಅವನು ಗವಸು ಹಾಕಿಕೊಂಡು, ಸುರುಳಿ ಬಿಚ್ಚಿ, ನೋಟನ್ನು ಕಟ್ಟಿನ ಮೇಲೆ ಇಟ್ಟು ನೋಡಿದ. ಪಿನ್ನಿನ ಎರಡು ತೂತು ಕಟ್ಟಿನ ಪಿನ್ನಿಗೆ ಸರಿಯಾಗಿ ಕೂತವು. ಸುಳ್ಳು ಹೇಳುವುದಿಲ್ಲ, ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಹೊಸ ನೋಟು ನನ್ನ ಇಡೀ ಆಲ್ಬಮ್ಮಿನಲ್ಲಿ ಇಲ್ಲ. ಕೊಡುವುದಾದರೆ ಇವಳು ನನಗೆ ಕೊಡಬೇಕು, ಇವನಿಗೇಕೆ ತೋರಿಸುತ್ತಿದ್ದಾಳೆ ಎಂದು ಅಮ್ಮನ ಮೇಲೂ ಸಿಟ್ಟು ಬಂತು.

"ಉಳಿದ ಒಂಬತ್ತೂ ಮನೆಗೆ ಹೋಗಿ ಕೇಳ್ಕೊಂಡು ಬಂದಿದೀನಿ ಅಮ್ಮ" ಅಂದ ಅವನು. "ನಿಮ್ಮೂರಲ್ಲಿರೋ ಮನೆ, ಊರು ಬಿಟ್ಟವರ ಮನೆ, ಎಲ್ಲಾ. ಒಂದೂ ಉಳಿದಿಲ್ಲ. ಮೊದಲನೇ ಮನೆಯವರ ಮಗ ಹೇಳಿದ್ರು, ಅವರಪ್ಪ ವಾಪಸ್ ಬರ್ತಾ ದಾರೀಲೇ ಹೆಂಡ ಕುಡಿದ್ರಂತೆ ಅದ್ರಲ್ಲಿ. ಇನ್ನೊಬ್ರು ಒಣಮೀನು ತಗೊಂಡ್ರಂತೆ. ಒಟ್ಟು ಸಂಜೆಯೊಳಗೆ ಎಲ್ಲಾ ಖರ್ಚು. ನಿಮ್ಮ ಯಜಮಾನ್ರು ಒಬ್ರೇ ನೋಡಿ ಅದರ ಬೆಲೆ ತಿಳ್ಕೊಂಡು ಇಟ್ಟುಕೊಂಡವರು."

ಅವನು ಹೊಗಳಿದ್ದು. ನನಗೆ ಎದ್ದು ಅವನ ಕುತ್ತಿಗೆ ಪಟ್ಟಿ ಹಿಡಿಯುವ ಹಾಗಾಯಿತು. ಅಮ್ಮ ಮಾತ್ರ ಕೇಳಿಸದವಳ ಹಾಗೆ ಕಟ್ಟನ್ನೇ ನೋಡುತ್ತಿದ್ದಳು.

"ಇದು ಎಷ್ಟರಿಂದ ಶುರು?" ಎಂದು ಕೇಳಿದಳು.

"ಹನ್ನೊಂದರಿಂದ. ಬ್ಯಾಂಕಿಂದ ಬಂದಾಗ ಸೊನ್ನೆ ಒಂದರಿಂದ ಇದ್ದದ್ದು. ಅಜ್ಜ ಮೇಲಿಂದ ಒಂದೊಂದೇ ಎಳೆದು ಕೊಟ್ಟಿದಾರೆ, ಸಾಲಾಗಿ."

"ಅಂದ್ರೆ ನಮ್ಮೋರ ಮುಂದೆ ಆರು ಜನ ಕೈಯೊಡ್ಡಿದ್ರು."

"ಹೌದಲ್ಲ, ನಿಮ್ಮವರು ಏಳನೆಯವರು. ಆಮೇಲೆ ಮೂರು ಜನ."

"ಒಬ್ರೂ ಬಿಡ್ಲಿಲ್ಲ."

"ಒಬ್ಬರು ಬಿಟ್ಟಿದ್ರೂ ಕಟ್ಟಿನಲ್ಲಿ ಒಂದು ನೋಟು ಹೆಚ್ಚು ಇರ್ತಿತ್ತಲ್ಲ ಅಮ್ಮ."

ನನ್ನ ತಲೆಯೊಳಗೆ ಅದು ಇಳಿದದ್ದು ಆಗಲೇ. ನಾನು ಪ್ರದರ್ಶನದಲ್ಲಿ ಹನ್ನೊಂದನೆಯ ನಂಬರು ಕಣ್ಣಾರೆ ನೋಡಿದ್ದೆ. ಚೀಟಿ ಓದಿ ಕೊತಕೊತ ಕುದಿದಿದ್ದೆ. ಆ ನಂಬರು ಏನು ಹೇಳುತ್ತಿದೆ ಎಂದು ಮಾತ್ರ ಕೇಳಿಸಿಕೊಂಡಿರಲಿಲ್ಲ. ಎಲ್ರೂ ತಗಂಡಿದ್ರು ಕಣೆ, ಎಂದು ಅಪ್ಪ ಜೀವಮಾನವಿಡೀ ಹೇಳಿದ್ದು ನಿಜ. ಒಂಬತ್ತು ಮನೆಯ ಗಂಡಸರೂ ನೋಟು ತೆಗೆದುಕೊಂಡು, ದಾರಿಯಲ್ಲೇ ಹಾಳು ಮಾಡಿ, ಬರಿಗೈಯಲ್ಲಿ ಮನೆಗೆ ಬಂದು ಹೆಂಡತಿಯ ಎದುರು ಶೂರರಾದರು. ಊರಿನಲ್ಲಿ ಎದೆಯುಬ್ಬಿಸಿ ನಡೆದರು, ನಮ್ಮ ಬದು ಒತ್ತಿದರು, ಪಂಚಾಯ್ತಿಕೆಯಲ್ಲಿ ಅಪ್ಪನನ್ನು ಮೂಲೆಗೆ ಕೂರಿಸಿದರು.

ಒಡೆಯರ ಮೊಮ್ಮಗನಿಗೆ ಇದಾವುದೂ ಗೊತ್ತಿಲ್ಲ. ಅವನು ಬೆಲೆಗೆ ಬಂದ. ಐನೂರು ಅಂದ. ಆಮೇಲೆ ಎರಡು ಸಾವಿರ ಅಂದ.

"ಚೀಟಿ ಬದಲಾಯಿಸ್ತೀರಾ?" ಎಂದು ನಾನು ಕೇಳಿದೆ. "ದಾನ ಅನ್ನೋದನ್ನ ಹೊಡೆದು ಹಾಕ್ತೀರಾ?"

"ನೋಡಿ, ನೋಟಿಗೆ ಬೆಲೆ ಬರೋದೇ ಆ ಕತೆಯಿಂದ. ದಾನ ತೆಗೆದ್ರೆ ಇದು ಬರೀ ಒಂದು ಹಳೇ ರೂಪಾಯಿ."

"ಹಂಗಾದ್ರೆ ನೀವು ಹೊರಡಿ."

"ನಿಮ್ಮನ್ನ ಕೇಳ್ತಾ ಇಲ್ಲ. ನೋಟು ಅಮ್ಮಂದು."

"ನಮ್ಮನೇಲಿ ಕೂತ್ಕೊಂಡು ನನಗೆ ಹೇಳ್ತೀರಾ? ನಿಮ್ಮಜ್ಜ ಜಗಲಿ ಮೇಲೆ ಕೂತು ಹೇಳಿದ್ದು ಸಾಕಾಗ್ಲಿಲ್ವಾ?"

ನಾವಿಬ್ಬರೂ ಎದ್ದು ನಿಂತಿದ್ದೆವು. ಇಬ್ಬರದೂ ಅರವತ್ತರ ಆಸುಪಾಸು, ಇಬ್ಬರಿಗೂ ಏದುಸಿರು. ಅಷ್ಟರಲ್ಲಿ ಅಮ್ಮ ಕಟ್ಟಿನ ಮೇಲಿದ್ದ ನೋಟನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ಎತ್ತಿಕೊಂಡವಳು ನಾಲ್ಕಾಗಿ ಮಡಿಚಿದಳು. ಒಡೆಯರ ಮೊಮ್ಮಗ ಅಯ್ಯೋ ಎಂದು ಕೂಗಿಯೇ ಬಿಟ್ಟ. ನಾನೂ ಕೂಗಿದೆನೇನೋ, ಗೊತ್ತಿಲ್ಲ. ಅಮ್ಮ ಮುಷ್ಟಿ ಕಟ್ಟಿಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೊರಟಳು.

ನಮ್ಮ ಮನೆಯ ಎದುರಿಗೇ ಒಂದು ಗೂಡಂಗಡಿ ಇದೆ. ನಾವಿಬ್ಬರೂ ಹಿಂದೆ ಹೋಗುವಷ್ಟರಲ್ಲಿ ಅಮ್ಮ ಭರಣಿಯೊಂದನ್ನು ತೋರಿಸಿ ಶುಂಠಿ ಪೆಪ್ಪರಮೆಂಟು ಕೊಡು ಎಂದು ಹೇಳಿ, ಮಡಿಚಿದ ನೋಟನ್ನು ಬಿಡಿಸಿ ಅಂಗಡಿಯವನ ಎದುರು ಇಟ್ಟಿದ್ದಳು.

"ಇದೆಂತದಜ್ಜಿ? ಇದು ನಡೆಯಲ್ಲ ಈಗ" ಅಂದ ಅಂಗಡಿಯವನು.

ಅಮ್ಮ ತಿರುಗಿ ನನ್ನ ಮುಖ ನೋಡಿದಳು. "ನೀನು ಇದರಲ್ಲೇ ಮುಳುಗಿದೋನಲ್ಲ, ಹೇಳು. ನಡೀತದಾ ಇಲ್ವಾ?"

ನಡೆಯುವುದಿಲ್ಲ ಎನ್ನಬಹುದಿತ್ತು. ಅಂದಿದ್ದರೆ ನೋಟು ಮನೆಗೆ ವಾಪಸ್ ಬರುತ್ತಿತ್ತು, ಮಡಿಕೆ ಬಿದ್ದಿದ್ದರೂ ನನ್ನ ಆಲ್ಬಮ್ಮಿಗೆ ಬರುತ್ತಿತ್ತು. ಆದರೆ ಪಕ್ಕದಲ್ಲಿ ಆ ಮನುಷ್ಯ ನಿಂತಿದ್ದ. ಅವನು, "ನಡೆಯಲ್ಲ ಅನ್ನಿ, ದಯವಿಟ್ಟು" ಎಂದು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ. ಅವನು ಹಾಗೆ ಹೇಳಿದ್ದಕ್ಕೇ ನನಗೆ ಬಾಯಿ ಬಂತು.

"ನಡೀತದೆ. ಸರ್ಕಾರ ಇವತ್ತಿಗೂ ರದ್ದು ಮಾಡಿಲ್ಲ. ತಗ" ಅಂದೆ.

ಅಂಗಡಿಯವನು ಹೆಗಲು ಕುಣಿಸಿ, ನೋಟನ್ನು ಗಲ್ಲಾಪೆಟ್ಟಿಗೆಗೆ ಎಸೆದು, ಒಂದು ಪೆಪ್ಪರಮೆಂಟು ಕೊಟ್ಟ. ಅಮ್ಮ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡು, "ಒಂಬತ್ತು ಮನೇದು ಅವತ್ತೇ ಖರ್ಚಾತು, ನಮ್ದು ಇವತ್ತು" ಎಂದು ಹೇಳಿ ಮನೆಯ ಕಡೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ಒಡೆಯರ ಮೊಮ್ಮಗ ಆಗಲೇ ಮೊಬೈಲು ತೆಗೆದು ಅಂಗಡಿಯ ಹಣ ಕಳಿಸುವ ಚೌಕದ ಚಿತ್ರಕ್ಕೆ ಹಿಡಿಯುತ್ತಿದ್ದ. ಆ ಒಂದು ರೂಪಾಯಿಯ ನೋಟಿಗೆ! ಐನೂರು ರೂಪಾಯಿ ಬಂತೆಂದು ಅಂಗಡಿಯ ಮಾತಾಡುವ ಪೆಟ್ಟಿಗೆ ಗಟ್ಟಿಯಾಗಿ ಕೂಗಿ ಹೇಳಿತು. ಅಂಗಡಿಯವನು ಬೆಪ್ಪಾಗಿ ನನ್ನನ್ನು ನೋಡಿದ. ಹತ್ತು ರೂಪಾಯಿ ಕೊಟ್ಟಿದ್ದರೂ ಅವನು ಆ ನೋಟನ್ನು ಸಂತೋಷದಿಂದ ಬಿಟ್ಟುಕೊಡುತ್ತಿದ್ದ.

ನೋಟನ್ನು ಪ್ಲಾಸ್ಟಿಕ್ ಹಾಳೆಗೆ ಹಾಕಿಕೊಂಡು ಕಾರು ಹತ್ತುವವನಿಗೆ, "ಈಗ ಚೀಟೀಲಿ ಎಂತ ಬರೀತೀರಿ? ದಕ್ಷಿಣೆ ಅಂತಲಾ, ಸಾಗರದ ಗೂಡಂಗಡೀಲಿ ತಗಂಡದ್ದು ಅಂತಲಾ?" ಎಂದು ಕೇಳಿದೆ. ಅವನು ಗಾಜು ಏರಿಸಿಕೊಂಡು ಹೋದ. ಆ ಚೀಟಿ ಬದಲಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಯಾವ ಪ್ರದರ್ಶನಕ್ಕೂ ನಾನು ಹೋಗಲಿಲ್ಲ.

ಮನೆಯೊಳಗೆ ಹೋದಾಗ ಅಮ್ಮ ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಮನೆಗೆ ಬಂದವನ ಮೇಲಿದ್ದ ಸಿಟ್ಟು ಕಾರಿನ ಜೊತೆ ಹೋಗಲಿಲ್ಲ, ನನ್ನ ಜೊತೆ ಒಳಗೆ ಬಂತು. ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಅಂಗಳ ದಾಟುತ್ತಿದ್ದದ್ದು ಕಣ್ಣ ಮುಂದೆ ಬಂತು. ಅವಳ ಎದುರು ನಿಂತು ದನಿ ಏರಿಸಿದೆ.

"ಅಪ್ಪ ಬಾಯಿ ಬಡ್ಕೊಂಡು ಹೇಳಿದ್ರಲ್ಲ, ಎಲ್ರೂ ತಗಂಡಿದ್ರು ಅಂತ. ಒಂದ್ ದಿನ ನಂಬಿದ್ರೆ ಎಂತ ಹೋಗ್ತಿತ್ತು ನಿಂದು? ಆ ಡಬ್ಬಿ ತೋರಿಸಿ ತೋರಿಸಿ ಮನುಷ್ಯನ್ನ ಮಣ್ಣು ಮಾಡ್ದೆ."

ಅಮ್ಮ ಪೆಪ್ಪರಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದಳು.

"ನಂಬಿದ್ದೆ" ಅಂದಳು. "ಬಾವಿಕಟ್ಟೇಲಿ ಆ ಹೆಂಗಸರ ಮುಖ ನೋಡ್ದಾಗ್ಲೇ ಗೊತ್ತಾಗಿತ್ತು, ಎಲ್ಲ 'ಅಂತೆ ಅಂತೆ' ಅಂತಿದ್ರು, ಒಬ್ಳಿಗೂ ಗ್ಯಾರಂಟಿ ಇರ್ಲಿಲ್ಲ. ಈ ಮೊಮ್ಮಗ ಬಂದು ನಂಬರು ಓದಿ ಹೇಳ್ಬೇಕಿರ್ಲಿಲ್ಲ ನಂಗೆ."

"ಗೊತ್ತಿದ್ದೂ ಬೈದ್ಯಾ?"

"ಬೈದೆ. ಅವ್ರೆಲ್ಲ ಕೈಯೊಡ್ಡಿದ್ರು, ಆದ್ರೆ ಹೆಂಡ್ತಿ ತಲೆ ತಗ್ಗಿಸ್ಬಾರ್ದು ಅಂತ ಸುಳ್ಳಾದ್ರೂ ಹೇಳಿದ್ರು. ನಿಮ್ಮಪ್ಪ ತಂದು ನನ್ನ ಕೈಗೆ ಕೊಟ್ರು. ಅಷ್ಟು ಹೆಂಗಸರ ಎದುರು ನಾನೊಬ್ಳೇ ದಕ್ಷಿಣೆ ತಗಂಡೋರ ಹೆಂಡ್ತಿ ಆದೆ. ನಿಜ ಹೇಳಿದ್ರಂತೆ ನಿಜ! ಆ ನಿಜ ತಗಂಡು ನಾನೆಂತ ಮಾಡ್ಲಿ? ಒಂದು ಸುಳ್ಳು ಹೇಳೋಷ್ಟು ಪ್ರೀತಿ ಇರ್ಲಿಲ್ಲ ಅವ್ರಿಗೆ ನನ್ನ ಮೇಲೆ."

ಅದೇ ದನಿಯಲ್ಲಿ, ಅಡಿಗೆಗೆ ಎಂತ ತರಕಾರಿ ಇದೆ ನೋಡು, ಅಂದಳು. ನಾನು ನೋಡಲು ಒಳಗೆ ಹೋದೆ. ಅಪ್ಪನಿಗೆ ಅವಳ ಮೇಲೆ ಪ್ರೀತಿ ಇತ್ತು, ಅದಕ್ಕೇ ಸುಳ್ಳು ಹೇಳಲಿಲ್ಲ, ಎಂದು ಅವಳಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಇವತ್ತಿಗೂ ಬಂದಿಲ್ಲ.